ಕುದುರೆಯ ಬದಿಯಲ್ಲಿ ನಡೆಯುವವರು

ಮೈಸೂರಿನ ರೈಲು ನಿಲ್ದಾಣದ ಮುಂದೆ ಜಟಕಾಗಳ ಸಾಲು ಇನ್ನೂ ಉದ್ದವಾಗಿದ್ದ ಕಾಲದಲ್ಲಿ, ಬೇಸಗೆಯ ರಜಕ್ಕೆಂದು ಒಂಟಿಕೊಪ್ಪಲಿನ ಸೋದರತ್ತೆಯ ಮನೆಗೆ ಹೊರಟ ನಾವು ಹಾಸಿಗೆಯ ಸುರುಳಿ, ಟ್ರಂಕು, ಹಪ್ಪಳದ ಡಬ್ಬ, ಅಜ್ಜಿ ಮತ್ತು ನಾಲ್ವರು ಮಕ್ಕಳೆಂಬ ಸಕಲ ಭಾರವನ್ನೂ ಒಂದೇ ಗಾಡಿಗೆ ಹೇರಿ ಕುಳಿತೊಡನೆ ಜಟಕಾ ಸಾಬರು ಕುದುರೆಯನ್ನು ಹೊರಡಿಸುತ್ತಿರಲಿಲ್ಲ. ಗಾಡಿಯ ಪಕ್ಕದಲ್ಲಿ ನಿಂತು, ಒಮ್ಮೆ ಕುದುರೆಯ ಬೆನ್ನನ್ನೂ ಒಮ್ಮೆ ನಮ್ಮನ್ನೂ ಅಳೆಯುವವರಂತೆ ನೋಡಿ, "ಹಿಂದೆ ಭಾರ ಆಯ್ತು, ಅಜ್ಜಮ್ಮ, ಸ್ವಲ್ಪ ಮುಂದಕ್ಕೆ ಬನ್ನಿ, ಏ ಮರಿ, ನೀನು ಟ್ರಂಕಿನ ಈಚೆಗೆ ಕೂತ್ಕೋ" ಎಂದು ನಮ್ಮನ್ನು ತಕ್ಕಡಿಯ ಬಟ್ಟುಗಳಂತೆ ಹಿಂದೆ ಮುಂದೆ ಸರಿಸಿ, ಕುದುರೆ ನಿರಾಳವಾಗಿ ಉಸಿರುಬಿಟ್ಟ ಮೇಲೆಯೇ ಅವರು ಲಗಾಮನ್ನು ಹಿಡಿಯುತ್ತಿದ್ದುದು. ಯಾದವಗಿರಿಯ ಏರು ಎದುರಾದಾಗ ಸಾಬರು ತಾವಾಗಿಯೇ ಕೆಳಗಿಳಿದು, ಕುದುರೆಯ ಕೊರಳಿನ ಬಳಿ ಅದರ ಹೆಜ್ಜೆಗೆ ಹೆಜ್ಜೆ ಹಾಕುತ್ತ, ಏರು ಮುಗಿಯುವ ತನಕ ನಡೆದೇ ಬರುತ್ತಿದ್ದರು. ಗಾಡಿಯ ಒಡೆಯನಾದವನು ಗಾಡಿಯಿದ್ದೂ ಏಕೆ ನಡೆಯಬೇಕೆಂಬುದು ಆಗ ನಮಗೆ ನಗೆಯ ವಿಷಯವಾಗಿದ್ದಿತು.

ಆ ನಡಿಗೆಯ ಅರ್ಥ ನನಗೆ ಮನದಟ್ಟಾದುದು ಅನೇಕ ವರ್ಷಗಳ ತರುವಾಯ. ಅದೂ ಜಟಕಾಗಳ ವಿಷಯದಲ್ಲಲ್ಲ, ನೆಟ್ಟಗೆ ಕುಳಿತುಕೊಳ್ಳಲೂ ಆಗದ ಮಕ್ಕಳನ್ನು ಕುದುರೆಯ ಬೆನ್ನಮೇಲೆ ಕುಳ್ಳಿರಿಸಿ ಅವರ ದೇಹಕ್ಕೂ ಚಿತ್ತಕ್ಕೂ ಸಮತೋಲವನ್ನು ಕಲಿಸುವ ಒಂದು ಚಿಕಿತ್ಸಾಕ್ರಮವನ್ನು ಕುರಿತು ತಿಳಿಯಹೊರಟಾಗ. ಸವಾರಿಯೆಂಬ ಪದ ಕಿವಿಗೆ ಬಿದ್ದೊಡನೆ ನಮ್ಮ ದೃಷ್ಟಿ ಮೇಲೆ ಕುಳಿತವನ ಕಡೆಗೆ ಹರಿಯುವುದು ಸಹಜ. ಇತಿಹಾಸವೂ ಶಿಲ್ಪವೂ ಚಿತ್ರವೂ ಅವನನ್ನೇ ಕಂಡಿವೆ. ಆದರೆ ಈ ಸವಾರಿಯಲ್ಲಿ ಒಂದು ಮಗು ಮೇಲೆ ಕುಳಿತರೆ ಮೂವರು ಕೆಳಗೆ ನಡೆಯಬೇಕು. ಆ ಮೂವರ ಹಿಂದೆ ಲಾಯವನ್ನು ಗುಡಿಸುವವನೂ, ಲಾಳ ಕಟ್ಟುವವನೂ, ಹುಲ್ಲಿನ ಲೆಕ್ಕ ಬರೆಯುವವಳೂ, ಆ ಲೆಕ್ಕವನ್ನು ತುಂಬಲು ಮನೆಮನೆಯ ಬಾಗಿಲು ತಟ್ಟುವವರೂ ಇರಬೇಕು. ಈ ಲೇಖನ ನೆಲದ ಮೇಲಿನ ಈ ಜನರನ್ನು ಕುರಿತದ್ದು.

ಮೈಸೂರಿನವರಿಗೆ ಕುದುರೆಯ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾದ ಅಗತ್ಯವಿಲ್ಲ. ನವರಾತ್ರಿಯ ಪೂಜೆಗೆ ಪಟ್ಟದ ಆನೆಯ ಜೊತೆಯಲ್ಲಿ ಪಟ್ಟದ ಕುದುರೆಯೂ ಅಲಂಕೃತವಾಗಿ ಅರಮನೆಗೆ ಬರುವ ಊರು ಇದು. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಜೋಧಪುರದ ಅಶ್ವಾರೋಹಿಗಳೊಡನೆ ಸೇರಿ ಗೆದ್ದುಕೊಂಡ ಮೈಸೂರು ಲ್ಯಾನ್ಸರ್ಸ್ ದಳ ಈ ಸೀಮೆಯದು; ಅದರ ಪರಂಪರೆಯನ್ನು ನೆನಪಿಗೆ ತರುವ ಪೊಲೀಸ್ ಅಶ್ವಾರೋಹಿ ದಳ ಇಂದಿಗೂ ಇಲ್ಲಿಯೇ ನೆಲೆಸಿ, ಜಂಬೂ ಸವಾರಿಯ ದಿನ ಮೆರವಣಿಗೆಯೊಡನೆ ಸಾಗುತ್ತದೆ. ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿ ರೇಸ್ ಕೋರ್ಸಿನ ಬಯಲಿದೆ. ದೇವರಾಜ ಮಾರುಕಟ್ಟೆಯ ಆಸುಪಾಸಿನಲ್ಲಿ ಟಾಂಗಾದ ಗೊರಸಿನ ಸಪ್ಪಳ ಅಪರೂಪವಾದರೂ ಸಂಪೂರ್ಣವಾಗಿ ಅಡಗಿಲ್ಲ. ಹೀಗೆ ಯುದ್ಧಕ್ಕೆ, ವೈಭವಕ್ಕೆ, ಪಣಕ್ಕೆ, ಹೊಟ್ಟೆಪಾಡಿಗೆ ಎಂಬ ನಾಲ್ಕು ಕಾರಣಗಳಿಗೆ ಕುದುರೆಯನ್ನು ದುಡಿಸಿಕೊಂಡ ಜನಕ್ಕೆ, ಶುಶ್ರೂಷೆಗಾಗಿಯೂ ಅದನ್ನು ಕರೆಯಬಹುದೆಂಬ ಐದನೆಯ ಕಾರಣವನ್ನು ಹೇಳಿದರೆ ಕೌತುಕವಾಗದೆ ಇರದು.

ಕುದುರೆಗೆ ಬರುವ ವ್ಯಾಧಿಗಳನ್ನು ಮನುಷ್ಯ ಗುಣಪಡಿಸುವ ಶಾಸ್ತ್ರ ನಮ್ಮಲ್ಲಿ ಪ್ರಾಚೀನವಾದುದು. ಸಂಸ್ಕೃತದಲ್ಲಿ ಶಾಲಿಹೋತ್ರನ ಹೆಸರೇ ಆ ಶಾಸ್ತ್ರಕ್ಕೆ ಪರ್ಯಾಯವಾಯಿತು. ಕನ್ನಡದಲ್ಲಿ ಅಭಿನವಚಂದ್ರನು ಅಶ್ವವೈದ್ಯವನ್ನು ಕುರಿತು ಗ್ರಂಥವನ್ನೇ ರಚಿಸಿದನು. ಆದರೆ ಮನುಷ್ಯನ ವ್ಯಾಧಿಗೆ ಕುದುರೆಯೇ ಉಪಚಾರ ಮಾಡೀತೆಂಬ ವಿಚಾರವು ವ್ಯವಸ್ಥಿತವಾದ ರೂಪವನ್ನು ತಾಳಿದುದು ಕಳೆದ ಶತಮಾನದ ನಡುಭಾಗದಲ್ಲಿ, ಯೂರೋಪಿನ ಉತ್ತರದ ಶೀತದೇಶಗಳಲ್ಲಿ. ಅದಕ್ಕೆ ನಿಮಿತ್ತವಾದವಳು ಒಬ್ಬ ತರುಣ ಗೃಹಿಣಿ.

ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಎಂಬಾಕೆಗೆ 1944ರಲ್ಲಿ, ತನ್ನ ಇಪ್ಪತ್ತಮೂರನೆಯ ವಯಸ್ಸಿನಲ್ಲಿ, ಗರ್ಭಿಣಿಯಾಗಿದ್ದಾಗಲೇ ಪೋಲಿಯೋ ತಗುಲಿತು. ಮಗು ಆರೋಗ್ಯವಾಗಿಯೇ ಜನಿಸಿತು. ತಾಯಿಯ ಅಂಗಾಂಗಗಳು ಮಾತ್ರ ಆಕೆಯ ಮಾತನ್ನು ಕೇಳದಾದುವು. ಕೈಗಳ ಬಲ ಬಹುಮಟ್ಟಿಗೆ ಮರಳಿತಾದರೂ ಮೊಣಕಾಲುಗಳಿಂದ ಕೆಳಗೆ ಶಕ್ತಿ ಬರಲೇ ಇಲ್ಲ. ಬಾಲ್ಯದಿಂದ ಕುದುರೆ ಸವಾರಿಯಲ್ಲಿ ನುರಿತಿದ್ದ ಆಕೆ ಆ ಸ್ಥಿತಿಯಲ್ಲಿಯೂ ಹಟಹಿಡಿದು ಕುದುರೆಯನ್ನು ಏರಿದಳು; ಏರಿದಳೆನ್ನುವುದಕ್ಕಿಂತ ಏರಿಸಲ್ಪಟ್ಟಳೆನ್ನುವುದೇ ಯಥಾರ್ಥ. ಕಾಲಿನಿಂದ ಕೊಡಬೇಕಾದ ಸೂಚನೆಗಳನ್ನೆಲ್ಲ ಸೊಂಟದ ಚಲನೆಯಿಂದಲೂ ಮೈಭಾರದ ಏರುಪೇರಿನಿಂದಲೂ ಕೊಡುವುದನ್ನು ಆಕೆ ಕಲಿತಳು. ಅವನ್ನು ಗ್ರಹಿಸುವುದನ್ನು ಜುಬಿಲಿ ಎಂಬ ಅವಳ ಕುದುರೆ ಕಲಿಯಿತು. 1952ರಲ್ಲಿ, ಡ್ರೆಸಾಜ್ ಎಂಬ ಅಶ್ವಶಿಸ್ತಿನ ಸ್ಪರ್ಧೆಯಲ್ಲಿ ಪುರುಷರೊಡನೆ ಸ್ತ್ರೀಯರಿಗೂ ಮೊದಲ ಬಾರಿಗೆ ಪ್ರವೇಶ ದೊರೆತ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ, ಆಕೆ ರಜತಪದಕವನ್ನು ಗೆದ್ದಳು. ಪದಕವನ್ನು ಸ್ವೀಕರಿಸಲು ವೇದಿಕೆಯನ್ನು ಏರಬೇಕಾದಾಗ ಕೈಹಿಡಿದು ಆಧಾರವಾದವನು, ಅದೇ ಸ್ಪರ್ಧೆಯಲ್ಲಿ ಆಕೆಯನ್ನು ಹಿಂದೆ ಹಾಕಿ ಸ್ವರ್ಣಪದಕವನ್ನು ಗೆದ್ದಿದ್ದ ಸ್ವೀಡನ್ನಿನ ಹೆನ್ರಿ ಸೇಂಟ್ ಸಿರ್. ನಾಲ್ಕು ವರ್ಷಗಳ ಬಳಿಕ ಸ್ಟಾಕ್‌ಹೋಮಿನಲ್ಲಿ ಆಕೆ ಇನ್ನೊಂದು ರಜತವನ್ನೂ ಪಡೆದಳು.

ಲೋಕವು ಆ ದಿನ ಸವಾರಳನ್ನು ಕಂಡು ಬೆರಗಾಯಿತು. ಆಕೆಯನ್ನು ಕುದುರೆಯ ಮೇಲಕ್ಕೆ ಎತ್ತಿ ಕುಳ್ಳಿರಿಸಿದ ಕೈಗಳನ್ನು ಕಂಡವರು ಕೆಲವರು ಮಾತ್ರ. ಅಂಥ ಕೆಲವರಲ್ಲಿ ನಾರ್ವೆಯ ಅಂಗಸಾಧನೆಯ ಚಿಕಿತ್ಸಕಿ ಎಲ್ಸೆಬೆಟ್ ಬೋಡ್‌ಕರ್ ಒಬ್ಬಳು. 1950ರ ದಶಕದಲ್ಲಿ ಆಕೆ ಪೋಲಿಯೋಪೀಡಿತ ಮಕ್ಕಳಿಗಾಗಿ ಸಣ್ಣ ತಳಿಯ ಕುದುರೆಗಳನ್ನು ಬಳಸತೊಡಗಿದಳು. ಇಂಗ್ಲೆಂಡಿನಲ್ಲಿ 1964ರಲ್ಲಿ ಇದೇ ಉದ್ದೇಶದ ಒಂದು ಧರ್ಮದತ್ತಿ ಹುಟ್ಟಿತು. ಚೆದುರಿಹೋಗಿದ್ದ ಇಂಥ ಪ್ರಯತ್ನಗಳೆಲ್ಲ ಒಂದಾಗಿ 1969ರಲ್ಲಿ ವಿಕಲಾಂಗರ ಸವಾರಿ ಸಂಘವೊಂದು ಸ್ಥಾಪಿತವಾಯಿತು. ಅದೇ ವರ್ಷ ಅಮೆರಿಕದಲ್ಲಿಯೂ ಅದಕ್ಕೆ ಸಮಾನವಾದ ಸಂಸ್ಥೆ ಬಂದಿತು. ಬ್ರಿಟನ್ನಿನ ಸಂಘಕ್ಕೆ ರಾಜಕುಮಾರಿ ಆನ್ ದೀರ್ಘಕಾಲದಿಂದ ಅಧ್ಯಕ್ಷೆಯಾಗಿರುವುದು ಪ್ರಸಿದ್ಧ ಸಂಗತಿ. ಆದರೆ ಅದನ್ನು ದಿನದಿನವೂ ಜೀವಂತವಾಗಿ ಇರಿಸಿರುವವರು, ವಾರಕ್ಕೊಮ್ಮೆ ರಬ್ಬರಿನ ಬೂಟುಗಳನ್ನು ಧರಿಸಿ ಕೆಸರಿನಲ್ಲಿ ನಡೆಯಲು ಬರುವ ಸ್ವಯಂಸೇವಕರು.

ಈ ಚಿಕಿತ್ಸೆಯನ್ನು ವೈದ್ಯಕೀಯದ ಪರಿಭಾಷೆಯಲ್ಲಿ ಹಿಪ್ಪೋಥೆರಪಿ ಎನ್ನುವರು. ಹೆಸರನ್ನು ಕೇಳಿ ಮೃಗಾಲಯದ ಕೊಳದಲ್ಲಿ ಬಾಯ್ದೆರೆದು ನಿಂತ ನೀರುಕುದುರೆಯನ್ನು ನೆನೆಯುವವರು ಪೂರ್ತಿಯಾಗಿ ತಪ್ಪು ಮಾಡಿದವರಲ್ಲ: ಹಿಪ್ಪೋಸ್ ಎಂದರೆ ಗ್ರೀಕ್ ಭಾಷೆಯಲ್ಲಿ ಕುದುರೆ; ಗ್ರೀಕರು ಹೊಳೆಯ ಕುದುರೆಯೆಂದುದನ್ನೇ ಕನ್ನಡಿಗರು ನೀರುಕುದುರೆಯೆಂದರು. ಚಿಕಿತ್ಸಕನೇ ಕುದುರೆಯ ಚಲನೆಯನ್ನು ಔಷಧದಂತೆ ಪ್ರಮಾಣವರಿತು ಬಳಸುವುದು ಇದರ ಒಂದು ಶಾಖೆ. ಮಗುವಿಗೆ ಅದರ ಶಕ್ತಿಗೆ ತಕ್ಕಷ್ಟು ಸವಾರಿಯನ್ನೇ ಕಲಿಸಿ, ಆ ಕಲಿಕೆಯ ಮೂಲಕ ಮನಸ್ಸನ್ನೂ ಮಾತನ್ನೂ ಅರಳಿಸುವುದು ಇನ್ನೊಂದು.

ಮೊದಲನೆಯದರ ಮರ್ಮವೆಲ್ಲ ಕುದುರೆಯ ನಡಿಗೆಯಲ್ಲಿದೆ. ನಾಗಾಲೋಟದ ಕುದುರೆಯಿಂದ ಇಲ್ಲಿ ಪ್ರಯೋಜನವಿಲ್ಲ. ಸಾವಧಾನವಾಗಿ, ಒಂದೇ ಲಯದಲ್ಲಿ, ನಿಮಿಷಕ್ಕೆ ಸುಮಾರು ನೂರು ಹೆಜ್ಜೆಗಳನ್ನು ಇಡುವ ಕುದುರೆ ಬೇಕು. ಅದು ಹೆಜ್ಜೆಯಿಟ್ಟಂತೆಲ್ಲ ಬೆನ್ನಮೇಲೆ ಕುಳಿತವರ ಸೊಂಟವು ಹಿಂದಕ್ಕೂ ಮುಂದಕ್ಕೂ, ಎಡಕ್ಕೂ ಬಲಕ್ಕೂ ತೂಗುತ್ತ, ಜೊತೆಯಲ್ಲಿಯೇ ಕೊಂಚ ತಿರುಗುತ್ತದೆ. ಈ ತ್ರಿವಿಧ ಚಲನೆಯು ಮನುಷ್ಯ ತನ್ನ ಕಾಲಿನಿಂದ ನಡೆಯುವಾಗ ಅವನ ಸೊಂಟದಲ್ಲಿ ಉಂಟಾಗುವ ಚಲನೆಯನ್ನು ಬಹುಮಟ್ಟಿಗೆ ಹೋಲುತ್ತದೆ. ಹುಟ್ಟಿದಾಗಿನಿಂದ ಒಂದು ಹೆಜ್ಜೆಯನ್ನೂ ಸ್ವಂತವಾಗಿ ಇಡದ ಮಗುವಿನ ದೇಹಕ್ಕೆ, ಇಪ್ಪತ್ತು ನಿಮಿಷಗಳ ಸವಾರಿಯಲ್ಲಿ ಸುಮಾರು ಎರಡು ಸಾವಿರ ಸಲ, ನಡೆಯುವುದೆಂದರೆ ಇಂಥದು ಎಂಬ ವಾರ್ತೆ ಮುಟ್ಟುತ್ತದೆ. ಪ್ರತಿ ಹೆಜ್ಜೆಗೂ ಸಮತೋಲ ತಪ್ಪುತ್ತದೆ. ಪ್ರತಿ ಹೆಜ್ಜೆಗೂ ಬೆನ್ನು ಕತ್ತುಗಳ ಸ್ನಾಯುಗಳು ಅದನ್ನು ಮರಳಿ ಹಿಡಿಯಬೇಕಾಗುತ್ತದೆ. ಮಿದುಳಿನ ಪಾರ್ಶ್ವವಾಯುವಿನಿಂದ ತೊಡೆಗಳು ಕತ್ತರಿಯಂತೆ ಬಿಗಿದುಕೊಂಡ ಮಕ್ಕಳಿಗೆ ಜೀನನ್ನು ಹಾಕದೆ ಮೆತ್ತನೆಯ ಹೊದಿಕೆಯ ಮೇಲೆಯೇ ಕುಳ್ಳಿರಿಸುವುದುಂಟು. ಕುದುರೆಯ ಮೈಬಿಸಿ ನಮ್ಮದಕ್ಕಿಂತ ತುಸು ಹೆಚ್ಚು, ಸುಮಾರು 38 ಡಿಗ್ರಿ ಸೆಲ್ಸಿಯಸ್. ಆ ಬಿಸುಪು ತಾಗಿ, ಆ ತೂಗಾಟ ಸೇರಿ, ಬಿಗಿತ ಮೆಲ್ಲಮೆಲ್ಲನೆ ಸಡಿಲುತ್ತದೆ. ಜಟಕಾ ಸಾಬರು ನಮ್ಮನ್ನು ಹಿಂದೆ ಮುಂದೆ ಸರಿಸಿ ಹೊರಗಿನಿಂದ ಸಾಧಿಸುತ್ತಿದ್ದ ತೂಕವನ್ನು, ಇಲ್ಲಿ ಕುದುರೆಯೇ ಮಗುವಿನ ಒಳಗಿನಿಂದ ಹೊರಡಿಸಬೇಕು.

ಇಷ್ಟನ್ನು ಕುದುರೆ ಮಾಡುತ್ತದೆಯೆಂದರೆ, ಅದಕ್ಕೆ ಅವಕಾಶವನ್ನು ಮಾಡಿಕೊಡುವವರ ಶ್ರಮವನ್ನು ನೋಡಬೇಕು. ಮಗು ಗಾಲಿಕುರ್ಚಿಯಲ್ಲಿ ಬಂದರೆ ಅದು ಕುದುರೆಯ ಬೆನ್ನಿನ ಮಟ್ಟಕ್ಕೆ ಏರುವಂತೆ ಇಳಿಜಾರಿನ ಕಟ್ಟೆಯಿರಬೇಕು. ಒಬ್ಬನು ಕುದುರೆಯ ತಲೆಯ ಬಳಿ ಹಗ್ಗವನ್ನು ಹಿಡಿದು ನಡೆಯುತ್ತಾನೆ. ಅವನ ಗಮನವೆಲ್ಲ ಕುದುರೆಯ ಮೇಲೆ, ಮಗು ಅತ್ತರೂ ಅವನು ಹಿಂತಿರುಗಿ ನೋಡತಕ್ಕದ್ದಲ್ಲ. ಎಡಬಲಗಳಲ್ಲಿ ಇನ್ನಿಬ್ಬರು, ಇವರ ಗಮನವೆಲ್ಲ ಮಗುವಿನ ಮೇಲೆ, ಕುದುರೆ ಬೆದರಿದರೂ ಇವರು ಮಗುವನ್ನು ಬಿಡತಕ್ಕದ್ದಲ್ಲ. ಮೊಣಕೈಯಿಂದ ಮುಂದಿನ ತೋಳನ್ನು ಮಗುವಿನ ತೊಡೆಯ ಮೇಲೆ ಅಡ್ಡಲಾಗಿರಿಸಿ, ಒತ್ತಿದಂತೆಯೂ ಆಗದೆ ಬಿಟ್ಟಂತೆಯೂ ಆಗದೆ, ಅರ್ಧ ಗಂಟೆ ನಡೆಯುವುದೆಂದರೆ ಭುಜ ಮರಗಟ್ಟಿಹೋಗುತ್ತದೆ. ಪಕ್ಕ ಬದಲಿಸಬೇಕಾದರೆ ಇಬ್ಬರೂ ಒಟ್ಟಿಗೆ ಕೈತೆಗೆಯುವಂತಿಲ್ಲ, ಕುದುರೆಯನ್ನು ನಿಲ್ಲಿಸಿ ಒಬ್ಬರಾದ ಮೇಲೆ ಒಬ್ಬರು ಬದಲಾಗಬೇಕು. ಇದಕ್ಕಿಂತಲೂ ಕಠಿನವಾದುದು ಆಧಾರವನ್ನು ಅಳೆದು ಕೊಡುವುದು. ಹೆಚ್ಚು ಆನಿಸಿಕೊಂಡರೆ ಮಗುವಿನ ಬೆನ್ನು ತಾನಾಗಿ ನಿಲ್ಲುವುದನ್ನು ಕಲಿಯದು, ಕಡಿಮೆಯಾದರೆ ಬಿದ್ದೀತು. ಮಗು ಬೀಳದೆ ಇರುವಷ್ಟು ಹತ್ತಿರ, ತಾನೇ ಕುಳಿತಿದ್ದೇನೆಂದು ಅದು ನಂಬುವಷ್ಟು ದೂರ: ಇದು ಅವರ ವಿದ್ಯೆ. ತಾಯ್ತಂದೆಗಳಾದ ನಮ್ಮಲ್ಲಿ ಎಷ್ಟು ಜನಕ್ಕೆ ಅದು ಸಿದ್ಧಿಸಿದೆ ಎಂಬುದು ಬೇರೆ ಪ್ರಶ್ನೆ.

ಎಲ್ಲ ಮಕ್ಕಳನ್ನೂ ಕುದುರೆಯ ಮೇಲೆ ಕುಳ್ಳಿರಿಸುವುದು ಸಲ್ಲದು. ಹಿಡಿತಕ್ಕೆ ಬಾರದ ಅಪಸ್ಮಾರವುಳ್ಳವರು, ಸೊಂಟದ ಕೀಲು ಜಾರಿರುವವರು, ಡೌನ್ ಸಿಂಡ್ರೋಮಿನ ಮಕ್ಕಳಲ್ಲಿ ಕತ್ತಿನ ಮೇಲಣ ಎಲುಬುಗಳು ಸಡಿಲವಾಗಿರುವವರು, ಇಂಥವರಿಗೆ ಸವಾರಿಯೇ ಅಪಾಯವಾದೀತು. ಆದುದರಿಂದ ವೈದ್ಯರ ಪರೀಕ್ಷೆಯಿಲ್ಲದೆ ಆರಂಭಿಸಲಾಗದು. ಬಹುದೂರದಿಂದ ಆಸೆಹೊತ್ತು ಬಂದ ತಾಯಿಗೆ, "ನಿಮ್ಮ ಮಗುವಿಗೆ ಇದು ಬೇಡಮ್ಮ" ಎಂದು ಹೇಳುವ ಧೈರ್ಯವೂ ಈ ಕೆಲಸದ ಒಂದು ಭಾಗ. ದುಡ್ಡಿಗಾಗಿ ನಡೆಯುವ ಕೇಂದ್ರಕ್ಕೆ ಆ ಮಾತು ನಷ್ಟದ ಬಾಬು. ಸೇವೆಗಾಗಿ ನಡೆಯುವ ಕೇಂದ್ರಕ್ಕೆ ಅದು ಪ್ರಾಮಾಣಿಕತೆಯ ಮೊದಲನೆಯ ಪರೀಕ್ಷೆ.

ಇನ್ನು ಕುದುರೆಯ ಆಯ್ಕೆ. ನಮ್ಮ ಊರಿನಲ್ಲಿ ದಸರೆಗೆ ಕೆಲವು ದಿನಗಳ ಮುಂಚೆ, ಆನೆಗಳನ್ನೂ ಕುದುರೆಗಳನ್ನೂ ಸಾಲಾಗಿ ನಿಲ್ಲಿಸಿ, ಅವುಗಳೆದುರಿನಲ್ಲಿ ಫಿರಂಗಿಗಳಿಂದ ಕುಶಾಲತೋಪು ಹಾರಿಸಿ ಸಿಡಿಮದ್ದಿನ ತಾಲೀಮು ಮಾಡಿಸುವುದನ್ನು ನೋಡಿದವರಿಗೆ ಈ ವಿಷಯವನ್ನು ವಿವರಿಸಬೇಕಾಗಿಲ್ಲ. ಕುದುರೆ ಸ್ವಭಾವತಃ ಓಡಿ ಬದುಕಿದ ಪ್ರಾಣಿ. ಗಾಳಿಗೆ ಹಾರಿದ ಕಾಗದವೂ ಅದಕ್ಕೆ ಹುಲಿಯಾಗಿ ಕಾಣಬಲ್ಲುದು. ಮೊದಲ ದಿನ ಸದ್ದಿಗೆ ಹೌಹಾರಿ ಹಿಂದೆ ಸರಿದ ಕುದುರೆ, ಅದರ ಮೈದಡವುವ ಸವಾರನ ಸಹನೆಯಿಂದ, ವಿಜಯದಶಮಿಯ ಹೊತ್ತಿಗೆ 21 ತೋಪುಗಳ ಸದ್ದಿಗೂ ಕದಲದೆ ನಿಲ್ಲುವುದು. ಚಿಕಿತ್ಸೆಯ ಕುದುರೆಗೂ ಇಂಥದೇ ತಾಲೀಮು ಬೇಕು. ಆದರೆ ಅಲ್ಲಿನ ಸಿಡಿಮದ್ದು ಬೇರೆ. ಥಟ್ಟನೆ ಹೊಮ್ಮುವ ಅಳು, ಕಿವಿಯ ಬಳಿಯ ಕಿರಿಚಾಟ, ಉರುಳುವ ಗಾಲಿಕುರ್ಚಿ, ಬಿಚ್ಚುವ ಕೊಡೆ, ಎಸೆದ ಚೆಂಡು, ಒಂದು ಪಕ್ಕಕ್ಕೆ ವಾಲಿ ಕೇಸರವನ್ನು ಜಗ್ಗುವ ಪುಟ್ಟ ಮುಷ್ಟಿ, ಇವೆಲ್ಲವನ್ನೂ ಅದು ಸಹಿಸಬೇಕು. ಪಂದ್ಯದ ಬಯಲಿನಿಂದ ನಿವೃತ್ತವಾದ ಕುದುರೆ ಅಗ್ಗಕ್ಕೆ ದೊರೆತೀತೆಂದು ತಂದುಬಿಟ್ಟರೆ ಸಾಲದು. ಮುನ್ನುಗ್ಗುವುದಕ್ಕಾಗಿಯೇ ಬೆಳೆಸಿದ ರಕ್ತಕ್ಕೆ ತಾಳ್ಮೆಯನ್ನು ಕಲಿಸುವುದು ದೀರ್ಘಕಾಲದ ತಪಸ್ಸು, ಅದು ಎಲ್ಲ ಕುದುರೆಗಳಲ್ಲಿಯೂ ಫಲಿಸುವುದಿಲ್ಲ. ಫಲಿಸಿದ ಕುದುರೆಯನ್ನಾದರೂ ದಿನವಿಡೀ ದುಡಿಸುವಂತಿಲ್ಲ. ಸಮತೋಲವಿಲ್ಲದ ಭಾರವನ್ನು ಹೊರುವುದು ಅದರ ಬೆನ್ನಿಗೆ ಮಾತ್ರವಲ್ಲದೆ ಮನಸ್ಸಿಗೂ ದಣಿವು. ಕಿವಿಗಳನ್ನು ಹಿಂದಕ್ಕೆ ಒತ್ತಿ, ಬಾಲವನ್ನು ಬೀಸಿ ಅದು 'ಇಂದಿಗೆ ಸಾಕು' ಎಂದಾಗ ಆ ಮಾತು ತಿಳಿಯುವ ಸೈಸ್ ಒಬ್ಬನು ಲಾಯದಲ್ಲಿ ಇರಲೇಬೇಕು.

ಇಂಥ ಸಂಸ್ಥೆಯನ್ನು ನಡೆಸುವವರ ನಿದ್ರೆಯನ್ನು ಕೆಡಿಸುವುದು ಒಂದು ಸರಳವಾದ ಲೆಕ್ಕ: ಮಗು ಕುದುರೆಯ ಮೇಲೆ ಕೂಡುವುದು ವಾರಕ್ಕೆ ಅರ್ಧ ಗಂಟೆ, ಕುದುರೆ ತಿನ್ನುವುದು ವಾರಕ್ಕೆ ಏಳು ದಿನ. ನಾಲ್ಕು ನೂರು ಕಿಲೋ ತೂಗುವ ಕುದುರೆಗೆ ದಿನಕ್ಕೆ ಸುಮಾರು ಎಂಟು ಕಿಲೋ ಒಣಮೇವು ಬೇಕು. ಅದರ ಮೇಲೆ ಬೇಯಿಸಿದ ಹುರುಳಿ, ಬೂಸಾ, ಬಕೆಟ್ಟುಗಟ್ಟಲೆ ನೀರು. ಆರು ವಾರಕ್ಕೊಮ್ಮೆ ಗೊರಸನ್ನು ಕತ್ತರಿಸಿ ಲಾಳವನ್ನು ಹೊಸದಾಗಿ ಕಟ್ಟಿಸಬೇಕು. ಹೊಟ್ಟೆಶೂಲೆ ಬಂದ ರಾತ್ರಿ ಪಶುವೈದ್ಯರನ್ನು ಎಬ್ಬಿಸಿ ಕರೆತರಬೇಕು. ಮಳೆಗಾಲದಲ್ಲಿ ಬಯಲು ಕೆಸರಾಗಿ ಮಕ್ಕಳು ಬಾರದಿದ್ದರೂ, ಪರೀಕ್ಷೆಯ ಕಾಲದಲ್ಲಿ ಸ್ವಯಂಸೇವಕರು ಬಾರದಿದ್ದರೂ, ಕುದುರೆ ತನ್ನ ಹೊತ್ತಿಗೆ ಸರಿಯಾಗಿ ಬಾಗಿಲ ಕಡೆಗೆ ನೋಡುತ್ತದೆ. ಖರ್ಚನ್ನೆಲ್ಲ ಮಕ್ಕಳ ಮೇಲೆಯೇ ಹೊರಿಸಿದರೆ ಉಳ್ಳವರ ಮಕ್ಕಳು ಮಾತ್ರ ಬರುವರು. ಹೊರಿಸದಿದ್ದರೆ ಲಾಯ ಬರಿದಾಗುವುದು. ಈ ಎರಡರ ನಡುವೆ ದಾರಿಯನ್ನು ಹುಡುಕುವವರು ಬೆಳಗ್ಗೆ ಲದ್ದಿಯನ್ನು ತೆಗೆದು, ಮಧ್ಯಾಹ್ನ ಶುಭ್ರವಾದ ಉಡುಪನ್ನು ಧರಿಸಿ ದಾನಿಗಳ ಮುಂದೆ ಕೈಮುಗಿದು ನಿಲ್ಲುತ್ತಾರೆ. ಎರಡನೆಯ ಕೆಲಸಕ್ಕಿಂತ ಮೊದಲನೆಯದರಲ್ಲಿಯೇ ಮನಸ್ಸಿಗೆ ನೆಮ್ಮದಿ ಹೆಚ್ಚೆಂದು ಅವರು ಹೇಳಿದರೆ ನಾನು ಆಶ್ಚರ್ಯಪಡಲಾರೆ.

ಇಷ್ಟೆಲ್ಲ ಪಾಡುಪಟ್ಟು ದೊರೆಯುವ ಫಲವೇನೆಂದು ಕೇಳುವುದು ನ್ಯಾಯವೇ. ಕುದುರೆಯನ್ನೇರಿದವರೆಲ್ಲ ಎದ್ದು ನಡೆದರೆಂಬ ಪವಾಡಕಥೆಗಳನ್ನು ಹೇಳುವವರು ಈ ವಿದ್ಯೆಗೆ ಹಿತೈಷಿಗಳಲ್ಲ. ಮಿದುಳಿನ ಪಾರ್ಶ್ವವಾಯುವನ್ನಾಗಲಿ ಆಟಿಸಂ ಅನ್ನಾಗಲಿ ಇದು ವಾಸಿಮಾಡುವುದಿಲ್ಲ. ಕುಳಿತುಕೊಳ್ಳುವ ಭಂಗಿ, ತಲೆಯನ್ನು ನೆಟ್ಟಗೆ ಹಿಡಿಯುವ ಶಕ್ತಿ, ಸಮತೋಲ, ಇವುಗಳಲ್ಲಿ ಸುಧಾರಣೆ ತರಬಲ್ಲುದು. ಅಮೆರಿಕದ ಕೊಲರಾಡೋ ರಾಜ್ಯದಲ್ಲಿ ರಾಬಿನ್ ಗೇಬ್ರಿಯಲ್ಸ್ ಮತ್ತು ಸಂಗಡಿಗರು ಆಟಿಸಂ ಉಳ್ಳ 127 ಮಕ್ಕಳನ್ನು ಎರಡು ತಂಡವಾಗಿ ವಿಂಗಡಿಸಿ, ಒಂದು ತಂಡಕ್ಕೆ ಹತ್ತು ವಾರಗಳ ಸವಾರಿಯನ್ನೂ, ಇನ್ನೊಂದಕ್ಕೆ ಕುದುರೆಯ ಸಂಪರ್ಕವಿಲ್ಲದೆ ಲಾಯದ ಪಾಠಗಳನ್ನು ಮಾತ್ರವೂ ಕೊಟ್ಟು ನೋಡಿದರು. 2015ರಲ್ಲಿ ಅವರು ಪ್ರಕಟಿಸಿದ ವರದಿಯಂತೆ, ಸವಾರಿ ಮಾಡಿದ ಮಕ್ಕಳಲ್ಲಿ ಸಿಡುಕೂ ಚಡಪಡಿಕೆಯೂ ಹೆಚ್ಚಾಗಿ ತಗ್ಗಿದುವು; ಅಷ್ಟೇ ಅಲ್ಲ, ಅವರು ಆಡುವ ಪದಗಳ ಸಂಖ್ಯೆಯೂ ಹೆಚ್ಚಿತು.

ಈ ಕಡೆಯ ಸಂಗತಿಯೇ ಮೈಸೂರಿನವನಾದ ನನ್ನನ್ನು ತಡೆದು ನಿಲ್ಲಿಸಿದುದು. ಮಾತು ಬಾರದ ಮಕ್ಕಳಿಗೆ ಮಾತನ್ನು ಕಲಿಸುವ ಊರು ಇದು. ಕುರುಡ ಮತ್ತು ಕಿವುಡ ಮಕ್ಕಳ ಶಾಲೆ ಇಲ್ಲಿ ಇಪ್ಪತ್ತನೆಯ ಶತಮಾನದ ಹೊಸ್ತಿಲಿನಲ್ಲಿಯೇ ಪ್ರಾರಂಭವಾಯಿತು; 1960ರ ದಶಕದಲ್ಲಿ, ಮಾನಸಗಂಗೋತ್ರಿಯ ಮಗ್ಗುಲಲ್ಲಿ, ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ನೆಲೆಗೊಂಡಿತು. ಅದರ ಅಂಗಳದಲ್ಲಿ ಯಾವ ದಿನ ನೋಡಿದರೂ, ದೂರದ ಜಿಲ್ಲೆಗಳಿಂದ ಬಂದು ಬಾಡಿಗೆಯ ಕೋಣೆಯನ್ನು ಹಿಡಿದು, ಮಗುವಿನ ಒಂದು ಶಬ್ದಕ್ಕಾಗಿ ತಿಂಗಳುಗಟ್ಟಲೆ ಕಾಯುವ ತಾಯಂದಿರು ಕಾಣುವರು. ಇತ್ತ ಸವಾರಿಯ ಕೇಂದ್ರಗಳಲ್ಲಿ ರೂಢಿಯಲ್ಲಿರುವ ಒಂದು ಸಣ್ಣ ನಿಯಮವೇನೆಂದರೆ, ಮಗುವಿನಿಂದ ಅಪ್ಪಣೆ ಬಾರದೆ ಕುದುರೆ ಹೊರಡುವುದಿಲ್ಲ. 'ಹೋಗು' ಎನ್ನಬೇಕು, ಎನ್ನಲಾರದಿದ್ದರೆ ಕೈಯಿಂದ ತಟ್ಟಬೇಕು, ಅದೂ ಆಗದಿದ್ದರೆ ಒಂದು ಸ್ವರವನ್ನಾದರೂ ಹೊರಡಿಸಬೇಕು. ಅಲ್ಲಿಯವರೆಗೆ ಮೂವರು ಮನುಷ್ಯರೂ ಒಂದು ದೊಡ್ಡ ಪ್ರಾಣಿಯೂ ಆ ಪುಟ್ಟ ಬಾಯಿಯ ಕಡೆಗೆ ಕಿವಿಗೊಟ್ಟು ನಿಂತಿರುತ್ತಾರೆ. ಹುಟ್ಟಿದ ಲಾಗಾಯ್ತು ಇತರರ ಆಜ್ಞೆಯನ್ನೇ ಕೇಳುತ್ತ ಬಂದ ಮಗುವಿಗೆ ತಾನು ಆಜ್ಞಾಪಿಸಬಹುದೆಂಬ ಅನುಭವ ಇದಕ್ಕಿಂತ ಪ್ರತ್ಯಕ್ಷವಾಗಿ ಬೇರೆಲ್ಲಿ ಆದೀತು?

ಆದುದರಿಂದ ಮೈಸೂರಿನಲ್ಲಿ ಈ ಕೈಂಕರ್ಯಕ್ಕೆ ನೆಲ ಹದವಾಗಿದೆಯೆಂದೇ ನನ್ನ ಭಾವನೆ. ಬೇಸಗೆಯ ಶಿಬಿರಗಳಲ್ಲಿ ಊರಿನ ಮಕ್ಕಳಿಗೆ ಸವಾರಿಯನ್ನು ಕಲಿಸುವ ಅಶ್ವಾರೋಹಿ ಪೊಲೀಸರ ಅನುಭವ ಇಲ್ಲಿದೆ. ಅಂಗಸಾಧನೆಯ ಚಿಕಿತ್ಸೆಯನ್ನೂ ವಾಕ್‌ಚಿಕಿತ್ಸೆಯನ್ನೂ ಅಭ್ಯಾಸಮಾಡುವ ನೂರಾರು ವಿದ್ಯಾರ್ಥಿಗಳು ಇಲ್ಲಿದ್ದಾರೆ. ದಸರೆಯಲ್ಲಿ ಪಾರಂಪರಿಕ ಟಾಂಗಾ ಸವಾರಿಯೆಂದು ವರ್ಷಕ್ಕೊಮ್ಮೆ ನಾವು ಹಾರಹಾಕುವ ಟಾಂಗಾದವರು ಇದ್ದಾರೆ. ಕುದುರೆಯ ಕಿವಿಯನ್ನು ನೋಡಿ ಅದರ ಮನಸ್ಸನ್ನು ಓದುವ, ಭಾರ ಎಲ್ಲಿ ಬಿದ್ದಿದೆಯೆಂಬುದನ್ನು ದೂರದಿಂದಲೇ ಹೇಳಬಲ್ಲ, ತಲೆಮಾರುಗಳಿಂದ ಇಳಿದುಬಂದ ಆ ವಿದ್ಯೆ ವಿಶ್ವವಿದ್ಯಾನಿಲಯಗಳಲ್ಲಿ ದೊರೆಯತಕ್ಕದ್ದಲ್ಲ. ಪ್ರವಾಸಿಗಳ ಕೊರತೆಯಿಂದ ಲಗಾಮನ್ನು ಕೆಳಗಿಡುತ್ತಿರುವ ಆ ಕೈಗಳಿಗೆ ಮಗುವೊಂದರ ಬದಿಯಲ್ಲಿ ಕುದುರೆಯನ್ನು ನಡೆಸುವ ಕೆಲಸ ದೊರೆತರೆ, ಉಪಕಾರ ಯಾರಿಂದ ಯಾರಿಗೆ ಆಯಿತೆಂದು ಹೇಳುವುದು ಕಷ್ಟವಾದೀತು.

ಯಾದವಗಿರಿಯ ಏರಿನಲ್ಲಿ ಈಗ ಜಟಕಾಗಳು ಕಾಣವು. ಆಟೋಗಳು ಹೊಗೆಯುಗುಳುತ್ತ ಒಂದೇ ಉಸಿರಿಗೆ ಹತ್ತಿಹೋಗುತ್ತವೆ. ಅಂದು ಏರು ಮುಗಿದ ಕಡೆಯಲ್ಲಿ, ಬೆವರನ್ನು ಒರೆಸಿಕೊಳ್ಳುತ್ತ ಮತ್ತೆ ಗಾಡಿಯನ್ನು ಹತ್ತಿದ ಸಾಬರನ್ನು ಅಜ್ಜಿ, "ಯಾಕಪ್ಪ ನಡೆದೆ? ನಿನ್ನೊಬ್ಬನ ಭಾರ ಕುದುರೆಗೆ ಎಷ್ಟು ಮಹಾ?" ಎಂದು ಕೇಳಿದಳು. "ಭಾರಕ್ಕಲ್ಲ ಅಜ್ಜಮ್ಮ, ಪಕ್ಕದಲ್ಲಿ ಯಾರಾದರೂ ನಡೀತಿದ್ದರೆ ಅದಕ್ಕೆ ಏರು ಗೊತ್ತಾಗೋದಿಲ್ಲ" ಎಂದು ಸಾಬರು ಲಗಾಮನ್ನು ಸಡಿಲಿಸಿದರು.